ಸಿಡುಕನಿಗಾಗಿ ನಿಂತ ಕತ್ತರಿ

ಫೋನು ಬಂದಾಗ ದೊಡ್ಡಣ್ಣ ಪೋಸ್ಟಣ್ಣನ ತಲೆಯ ಬಲಗಡೆ ಮುಗಿಸಿ ಎಡಗಡೆಗೆ ಬಂದಿದ್ದ. ಕನ್ನಡಿಯ ಮೇಲ್ಗಡೆ ಗೋಡೆಗೆ ತಗುಲಿಸಿದ್ದ ಟಿವಿಯಲ್ಲಿ ಗಾಲ್ಫ್ ನಡೆಯುತ್ತಿತ್ತು. ಅಂದು ಗುರುವಾರ, ಪಂದ್ಯಾವಳಿಯ ಮೊದಲ ದಿನ. ಈ ಕ್ಷೌರದಂಗಡಿಯವರೆಲ್ಲ ಸಿಡುಕ ಎಂದು ಕರೆಯುವ ವಯಸ್ಸಾದ ಆಟಗಾರ ಆಗತಾನೇ ಚೆಂಡನ್ನು ಕೊಳಕ್ಕೆ ಹೊಡೆದು, ತಲೆಯ ಟೋಪಿ ಕಿತ್ತು ತನ್ನ ತೊಡೆಗೇ ಬಡಿದುಕೊಂಡಿದ್ದ.

ದೊಡ್ಡಣ್ಣನಿಗೆ ಯಾರ ಫೋನೆಂದು ನೋಡುವ ಅಗತ್ಯವೇ ಕಾಣಲಿಲ್ಲ. ಸಿಡುಕ ಎಡವಿದಾಗಲೆಲ್ಲ ಆಸ್ಪತ್ರೆಯ ಹಾಸಿಗೆಯಿಂದ ತಮ್ಮ ಚಿಕ್ಕಣ್ಣ ಫೋನು ಮಾಡುತ್ತಿದ್ದ. ಅಣ್ಣ ಆಡಿಕೊಳ್ಳುವ ಮೊದಲೇ ತನ್ನ ಆಟಗಾರನ ಪರ ನಾಲ್ಕು ಮಾತು ಆಡಿಬಿಡಬೇಕು ಎಂಬ ಆತುರ ಅವನದು. ಆದ್ದರಿಂದ ದೊಡ್ಡಣ್ಣ ಫೋನನ್ನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡು ತಾನೇ ಮೊದಲು ಶುರು ಮಾಡಿದ.

"ನೋಡಿದ್ಯೇನೋ? ನಿನ್ನ ಸಿಡುಕ ಸ್ನಾನಕ್ಕೆ ಇಳಿದ. ಟವೆಲ್ ತಗೊಂಡು ಹೋಗು ಪಾಪ."

ಆ ಕಡೆಯಿಂದ ನಗು ಬರಲಿಲ್ಲ. ಬೈಗುಳವೂ ಬರಲಿಲ್ಲ.

"ಭಾವ," ಎಂದಳು ತಮ್ಮನ ಹೆಂಡತಿ.

"ಏನಮ್ಮ? ಅವನ ಕೈಗೆ ಕೊಡು ಫೋನು. ಬಾಯಿ ಬಿದ್ದು ಹೋಯ್ತಾ ಅವನಿಗೆ?"

"ಭಾವ, ಅವರು ಹೋಗ್ಬಿಟ್ರು."

ಟಿವಿಯಲ್ಲಿ ಸಿಡುಕ ಜೇಬಿನಿಂದ ಇನ್ನೊಂದು ಚೆಂಡು ತೆಗೆದು, ಮೊಣಕಾಲಿನ ಎತ್ತರದಿಂದ ಹುಲ್ಲಿನ ಮೇಲೆ ಬಿಟ್ಟ. ಅದು ಎಲ್ಲಿ ನಿಂತಿತೋ ದೊಡ್ಡಣ್ಣನಿಗೆ ಕಾಣಲಿಲ್ಲ. ಪೋಸ್ಟಣ್ಣ ಕನ್ನಡಿಯಲ್ಲಿ ಅವನ ಮುಖ ನೋಡಿ, ತಾನೇ ಕುತ್ತಿಗೆಯ ಗಂಟು ಬಿಚ್ಚಿ ಬಿಳಿ ಬಟ್ಟೆ ತೆಗೆದು ಮಡಿಸಿ ಕುರ್ಚಿಯ ಮೇಲಿಟ್ಟ. ಅವನು ನಿವೃತ್ತ ಅಂಚೆಯವನು. ಮನೆಮನೆಗೂ ಸಾವಿನ ಸುದ್ದಿ ಮುಟ್ಟಿಸಿ ಬಂದವನು. ಬಾಗಿಲಲ್ಲಿ ನಿಂತವರ ಮುಖ ಓದುವುದು ಅವನಿಗೆ ಹೊಸದಲ್ಲ. ಏನೂ ಕೇಳದೆ ಟಿವಿ ಆರಿಸಿದ, ಅಂಗಡಿಯ ಅರ್ಧ ಬಾಗಿಲು ಎಳೆದ. ಬಲಗಡೆ ಮಾತ್ರ ಕತ್ತರಿಸಿ ಎಡಗಡೆ ಹಾಗೇ ಉಳಿದ ತಲೆಯ ಮೇಲೆ ಟೋಪಿ ಇಟ್ಟುಕೊಂಡು, ದೊಡ್ಡಣ್ಣನ ತೋಳು ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದ.

ದಾರಿಯುದ್ದಕ್ಕೂ ದೊಡ್ಡಣ್ಣನಿಗೆ ಒಂದೇ ಯೋಚನೆ. ತಮ್ಮನ ಸಾವಿನ ಮುಂದೆ ತನ್ನ ಬಾಯಿಂದ ಬಂದ ಮೊದಲ ಮಾತು ಟವೆಲ್ಲಿನ ಮಾತಾಯಿತಲ್ಲ ಎಂದು.

ಅಣ್ಣತಮ್ಮಂದಿರ ಅಂಗಡಿಗೆ ಗಾಲ್ಫ್ ಹೇಗೆ ಬಂತು ಎಂದು ಹೊಸಬರು ಕೇಳುವುದುಂಟು. ಅವರ ಬೀದಿ ಮುಗಿಯುವಲ್ಲಿ ದಿಣ್ಣೆ ಏರಿದರೆ ಗಾಲ್ಫ್ ಮೈದಾನ. ಅಲ್ಲಿ ಹುಲ್ಲು ಕತ್ತರಿಸುವವರು ತಮ್ಮ ತಲೆ ಕತ್ತರಿಸಿಕೊಳ್ಳಲು ಈ ಅಂಗಡಿಗೇ ಬರುತ್ತಿದ್ದರು. ಅವರಲ್ಲೊಬ್ಬ ಒಂದು ವರ್ಷ ದೊಡ್ಡ ಪಂದ್ಯಾವಳಿ ನಡೆದಾಗ ಎರಡು ಪಾಸು ತಂದುಕೊಟ್ಟ. ಅಣ್ಣತಮ್ಮಂದಿರು ತಮಾಷೆ ನೋಡಲೆಂದು ಹೋದರು, ರೋಗ ಹತ್ತಿಸಿಕೊಂಡು ಬಂದರು. ಬಂದವರು ಮಾಡಿದ ಮೊದಲ ಕೆಲಸ ಅಂಗಡಿಗೆ ಟಿವಿ ತಂದದ್ದು.

ಅಂಗಡಿಯಲ್ಲಿ ಎರಡು ಕುರ್ಚಿ. ಬಾಗಿಲ ಕಡೆಯದು ದೊಡ್ಡಣ್ಣನದು, ಒಳಗಡೆಯದು ಚಿಕ್ಕಣ್ಣನದು. ಎರಡು ಕುರ್ಚಿಗೆ ಎರಡು ಪಕ್ಷ. ದೊಡ್ಡಣ್ಣನ ಆಟಗಾರನನ್ನು ಅಂಗಡಿಯಲ್ಲಿ ತಕ್ಕಡಿ ಎನ್ನುತ್ತಿದ್ದರು. ಗೆದ್ದರೂ ಅದೇ ಮುಖ, ಸೋತರೂ ಅದೇ ಮುಖ. ಒಮ್ಮೆ ಕುಳಿಯ ಬಾಯಿಗೆ ಬಂದ ಚೆಂಡು ಒಳಗೆ ಬೀಳದೆ ಸುತ್ತಿಕೊಂಡು ಹೊರಗೆ ಹೋದಾಗ, ಅವನು ಕೈಗವಸು ಬಿಚ್ಚಿ, ನೀಟಾಗಿ ಮಡಿಸಿ, ಜೇಬಿಗೆ ಇಟ್ಟುಕೊಂಡ. ಅಷ್ಟೇ. "ಮನುಷ್ಯ ಅಂದ್ರೆ ಹಾಗಿರಬೇಕು," ಎಂದು ದೊಡ್ಡಣ್ಣ ವರ್ಷಗಟ್ಟಲೆ ಹೇಳಿದ್ದ.

ಚಿಕ್ಕಣ್ಣನ ಸಿಡುಕ ಹಾಗಲ್ಲ. ಕೋಪ ಅವನ ಮೂಗಿನ ತುದಿಯಲ್ಲೇ ಇರುತ್ತಿತ್ತು. ಚೆಂಡಿನ ಜೊತೆ ಮಾತಾಡುವನು, ಗಾಳಿಯನ್ನು ಬೈಯುವನು, ಚೀಲ ಹೊರುವ ಕ್ಯಾಡಿಯ ಮೇಲೆ ರೇಗಿ ಮರುಗಳಿಗೆಯಲ್ಲಿ ಅವನ ಹೆಗಲ ಮೇಲೆ ಕೈಹಾಕುವನು. ಕೋಲನ್ನು ಮೊಣಕಾಲಿಗೆ ಕೊಟ್ಟು ಮುರಿದದ್ದೂ ಉಂಟು. ಅವನ ಹೆಸರು ಎಲ್ಲರ ಬಾಯಿಗೆ ಬಂದದ್ದು ಗೆಲುವಿನಿಂದಲ್ಲ. ದೊಡ್ಡದೊಂದು ಪಂದ್ಯದ ಕೊನೆಯ ಕುಳಿಯಲ್ಲಿ, ಮಗುವೂ ತಳ್ಳಬಹುದಾದ ದೂರದಿಂದ, ಲೋಕವೆಲ್ಲ ನೋಡುತ್ತಿರುವಾಗ, ಅವನ ಕೈ ನಡುಗಿ ಚೆಂಡು ಪಕ್ಕಕ್ಕೆ ಹೋಯಿತು. ಆಮೇಲೆ ಹೋದಲ್ಲೆಲ್ಲ, ಜನರನ್ನು ತಡೆಯಲು ಕಟ್ಟಿದ ಹಗ್ಗದಾಚೆಯಿಂದ ಯಾರಾದರೊಬ್ಬರು "ಕೈ ಹುಷಾರು" ಎಂದು ಕೂಗುತ್ತಿದ್ದರು. ಕೋಲು ಹಿಡಿಯುವ ಬಗೆ ಬದಲಾಯಿಸಿದ, ಉದ್ದನೆಯ ಕೋಲು ತಂದ, ಕಣ್ಣು ಮುಚ್ಚಿ ತಳ್ಳುವುದನ್ನೂ ಪ್ರಯತ್ನಿಸಿದ. ನಡುಕ ಹೋಗಲಿಲ್ಲ. ಅವನೂ ಆಟ ಬಿಡಲಿಲ್ಲ.

"ಆ ಮನುಷ್ಯ ದಿನಾ ಬೆಳಗ್ಗೆ ಎದ್ದು ಅದೇ ಜನದ ಮುಂದೆ ಅದೇ ಕೈ ತಗೊಂಡು ಹೋಗ್ತಾನಲ್ಲ, ಅದಕ್ಕೆ ಏನಂತೀಯ ಅಣ್ಣ?" ಎನ್ನುತ್ತಿದ್ದ ಚಿಕ್ಕಣ್ಣ.

"ಹಟ ಅಂತೀನಿ."

"ನಿನ್ನ ತಕ್ಕಡಿಗೆ ಒಳಗೆ ಏನಾದ್ರೂ ಇದೆಯೋ ಇಲ್ವೋ ಯಾರಿಗೆ ಗೊತ್ತು. ಬರೀ ಮುಚ್ಚಳ."

ಗಾಲ್ಫಿನಲ್ಲಿ ಆಟಗಾರ ಕುಳಿಯತ್ತ ಚೆಂಡು ತಳ್ಳುವಾಗ ಸುತ್ತ ನಿಂತ ಸಾವಿರ ಜನ ಉಸಿರು ಬಿಗಿಹಿಡಿಯುತ್ತಾರೆ. ಆ ಪದ್ಧತಿಯನ್ನು ಚಿಕ್ಕಣ್ಣ ಅಂಗಡಿಗೂ ತಂದಿದ್ದ. ಆಟಗಾರ ಎಲ್ಲೋ ಸಮುದ್ರದಾಚೆ ಇರಲಿ, ಅವನು ಬಗ್ಗಿ ನಿಂತನೆಂದರೆ ಇಲ್ಲಿ ಕತ್ತರಿ ನಿಲ್ಲಬೇಕು, ಫ್ಯಾನು ಆರಬೇಕು, ನಲ್ಲಿ ಮುಚ್ಚಬೇಕು. ಆದರೆ ಆ ಗೌರವ ಅವರವರ ಆಟಗಾರನಿಗೆ ಮಾತ್ರ. ತಕ್ಕಡಿ ಬಗ್ಗಿದಾಗ ಚಿಕ್ಕಣ್ಣ ಬೇಕೆಂದೇ ಕತ್ತರಿಯನ್ನು ಗಾಳಿಯಲ್ಲಿ ಕಚಕಚ ಎನ್ನಿಸುವನು. ಸಿಡುಕ ಬಗ್ಗಿದಾಗ ದೊಡ್ಡಣ್ಣನ ಕತ್ತರಿ ಎರಡರಷ್ಟು ಸದ್ದು ಮಾಡುವುದು. ಅಷ್ಟು ವರ್ಷಗಳಲ್ಲಿ ದೊಡ್ಡಣ್ಣನ ಕತ್ತರಿ ಸಿಡುಕನಿಗಾಗಿ ಒಮ್ಮೆಯೂ ನಿಂತದ್ದಿಲ್ಲ.

ಅದಕ್ಕೆ ಕಾರಣ ಬರೀ ಪಕ್ಷವಲ್ಲ. ಮೊದಲ ಸಲ ಮೈದಾನಕ್ಕೆ ಹೋದ ದಿನ, ಪೊದೆಗಳ ತಿರುವಿನಲ್ಲಿ ಅಣ್ಣತಮ್ಮಂದಿರು ಹಗ್ಗ ಹಿಡಿದು ನಿಂತಿದ್ದರು. ಆಗಿನ್ನೂ ಹರೆಯದಲ್ಲಿದ್ದ ಸಿಡುಕನ ಚೆಂಡು ಪೊದೆಯ ಕಡೆಗೆ ಬಂದು ಬಿತ್ತು. ಅವನು ಬಂದು ಕುಕ್ಕುರುಗಾಲಲ್ಲಿ ಕೂತು ನೋಡಿದ, ಎದ್ದ, ಕಾಲು ಸರಿಸಿದ. ಚೆಂಡು ಹುಲ್ಲಿನ ಮೇಲೆ, ಹೊಡೆಯಲು ಅನುಕೂಲವಾದ ಜಾಗದಲ್ಲಿತ್ತು. ಅವನು ಬೂಟಿನ ತುದಿಯಿಂದ ಚೆಂಡನ್ನು ಒದ್ದು ಹೊರಗೆ ತಂದ ಎಂದು ದೊಡ್ಡಣ್ಣ. ಒದ್ದಿಲ್ಲ, ಚೆಂಡು ಮೊದಲಿನಿಂದ ಅಲ್ಲೇ ಇತ್ತು ಎಂದು ಚಿಕ್ಕಣ್ಣ. ಅಂದು ಸಂಜೆ ದಿಣ್ಣೆ ಇಳಿಯುವಾಗ ಶುರುವಾದ ಆ ವಾದ ಇಬ್ಬರ ತಲೆ ನರೆತರೂ ಮುಗಿಯಲಿಲ್ಲ. ದೊಡ್ಡಣ್ಣನ ಕುರ್ಚಿಯಲ್ಲಿ ಕೂತವರು ಒದ್ದ ಎನ್ನುತ್ತಿದ್ದರು, ಚಿಕ್ಕಣ್ಣನ ಕುರ್ಚಿಯಲ್ಲಿ ಕೂತವರು ಒದ್ದಿಲ್ಲ ಎನ್ನುತ್ತಿದ್ದರು. "ಕುತ್ತಿಗೆ ಮೇಲೆ ಕತ್ತಿ ಇಟ್ಟು ಕೇಳಿದ್ರೆ ನಾನು ಯಾವ ಪಕ್ಷಕ್ಕಾದ್ರೂ ಸೇರ್ತೀನಿ," ಎನ್ನುತ್ತಿದ್ದ ಪೋಸ್ಟಣ್ಣ. ಅವನು ಒಂದು ಸಲ ಈ ಕುರ್ಚಿ, ಇನ್ನೊಂದು ಸಲ ಆ ಕುರ್ಚಿ.

ಹೋದ ವರ್ಷ ಚಿಕ್ಕಣ್ಣನ ಕೈಯೇ ನಡುಗಲು ಶುರುವಾಯಿತು. ಕಾಯಿಲೆಯ ಹೆಸರನ್ನು ಡಾಕ್ಟರು ಆಮೇಲೆ ಹೇಳಿದರು. ಮೊದಲು ಕತ್ತಿ ಬಿಟ್ಟ, ಗಡ್ಡದ ಗಿರಾಕಿಗಳನ್ನೆಲ್ಲ ಅಣ್ಣನ ಕಡೆ ದಾಟಿಸಿದ. ಆಮೇಲೆ ಕತ್ತರಿಯನ್ನೂ ಬಿಟ್ಟ. ಆದರೂ ದಿನಾ ಬಂದು ತನ್ನ ಕುರ್ಚಿಯಲ್ಲಿ ತಾನೇ ಕೂತು ಆಟ ನೋಡುತ್ತಿದ್ದ. ಸಿಡುಕ ತಳ್ಳಲು ಬಗ್ಗಿದಾಗ ತನ್ನ ಕೈಯನ್ನು ತೊಡೆಯ ಕೆಳಗೆ ಒತ್ತಿ ಹಿಡಿದುಕೊಳ್ಳುತ್ತಿದ್ದ. ಅಣ್ಣ ಅದನ್ನು ಕನ್ನಡಿಯಲ್ಲಿ ನೋಡುತ್ತಿದ್ದ. ಕತ್ತರಿಯನ್ನು ಮಾತ್ರ ಎಂದಿನಂತೆ ಕಚಕಚ ಎನ್ನಿಸುತ್ತಿದ್ದ. ನಿಲ್ಲಿಸಿದರೆ ತಮ್ಮನಿಗೆ ಕನಿಕರವೆಂದು ಗೊತ್ತಾಗಿಬಿಡುತ್ತದೆ ಎಂಬ ಭಯ.

ಬುಧವಾರ ದೊಡ್ಡಣ್ಣ ಆಸ್ಪತ್ರೆಗೆ ಹೋಗಿ ತಮ್ಮನ ಗಡ್ಡ ಹೆರೆದಿದ್ದ. ನೊರೆ ಒರೆಸುವಾಗ ಚಿಕ್ಕಣ್ಣ ಅವನ ಮಣಿಕಟ್ಟು ಹಿಡಿದುಕೊಂಡ.

"ಅಣ್ಣ, ಒಂದು ಮಾತು ಕೇಳ್ತೀನಿ. ನಡೆಸಿಕೊಡ್ತೀಯಾ?"

"ಮೊದಲು ಕೇಳು."

"ಒದ್ದಿಲ್ಲ ಅಂತ ಒಂದು ಸಲ ಹೇಳಿಬಿಡು."

ದೊಡ್ಡಣ್ಣ ಕತ್ತಿಯನ್ನು ನೀರಿಗೆ ಅದ್ದಿದ. ದಿನಾ ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮೊದಲು ದೇವರ ಮುಂದೆ ಕೈಮುಗಿದು ನಿಲ್ಲುವವನು ಅವನು. ಬಾಯಿಂದ ಸುಳ್ಳು ಬರಬಾರದು ಎಂಬುದು ಅವರ ಅಮ್ಮ ಹಾಕಿಕೊಟ್ಟ ಪಾಠ. ಅದನ್ನು ಅವನು ತಮ್ಮನಿಗಿಂತ ಬಿಗಿಯಾಗಿ ಹಿಡಿದುಕೊಂಡು ಬಂದಿದ್ದ.

"ಕಂಡದ್ದನ್ನ ಕಂಡಿಲ್ಲ ಅಂತ ಹೇಗೆ ಹೇಳ್ಲೋ?"

ಚಿಕ್ಕಣ್ಣ ನಕ್ಕ. ನಗುವುದಕ್ಕೂ ಅವನಿಗೆ ಶಕ್ತಿ ಸಾಲುತ್ತಿರಲಿಲ್ಲ. "ಬಿಡು. ನೀನು ಹೇಳಿಬಿಟ್ಟಿದ್ರೆ ನನಗೇ ಹೆದರಿಕೆ ಆಗ್ತಿತ್ತು. ಡಾಕ್ಟರು ನಿನ್ನ ಕಿವಿಯಲ್ಲಿ ಏನೋ ಊದಿದಾರೆ ಅಂದ್ಕೋತಿದ್ದೆ."

"ತಲೆಹರಟೆ ಮಾಡ್ಬೇಡ. ಕೆನ್ನೆ ಆ ಕಡೆ ತಿರುಗಿಸು."

"ಈ ವಾರ ಅವನ ಆಟ ನೋಡಣ್ಣ. ಬೈಕೊಂಡಾದ್ರೂ ನೋಡು. ಇದರಲ್ಲಿ ಅವನು ಗೆರೆಯಿಂದ ಕೆಳಗೆ ಬಿದ್ರೆ ಮುಗೀತು."

ಅದು ಆ ವರ್ಷದ ಕೊನೆಯ ಪಂದ್ಯಾವಳಿ. ವರ್ಷವೆಲ್ಲ ಆಡಿದ ಆಟಗಾರರನ್ನು ಸಾಲಾಗಿ ನಿಲ್ಲಿಸಿ ನಡುವೆ ಒಂದು ಗೆರೆ ಎಳೆಯುತ್ತಾರೆ. ಗೆರೆಯ ಮೇಲಿದ್ದವರಿಗೆ ಮುಂದಿನ ವರ್ಷವೂ ಆಡುವ ಹಕ್ಕು. ಕೆಳಗಿದ್ದವರು ಮೀಸೆ ಮೂಡದ ಹುಡುಗರ ಜೊತೆ ಮೊದಲಿನಿಂದ ಅರ್ಹತೆಯ ಪಂದ್ಯ ಆಡಬೇಕು. ಸಿಡುಕನ ವಯಸ್ಸಿನವರು ಆ ಗೆರೆಯಿಂದ ಕೆಳಗಿಳಿದರೆ ಮತ್ತೆ ಮೇಲೆ ಬರುವುದಿಲ್ಲ. ಅವನು ಸರಿಯಾಗಿ ಆ ಗೆರೆಯ ಮೇಲೇ ಕಾಲಿಟ್ಟು ನಿಂತಿದ್ದ.

"ನೀನೇ ನೋಡು. ಇನ್ನೇನು ಮನೆಗೆ ಬರ್ತೀಯಲ್ಲ," ಎಂದು ಹೇಳಿ ದೊಡ್ಡಣ್ಣ ಎದ್ದು ಬಂದಿದ್ದ. ಮರುದಿನ ಆ ಫೋನು ಬಂತು.

ಶುಕ್ರವಾರ ಅಂತ್ಯಕ್ರಿಯೆ ನಡೆಯಿತು. ಜನ ಬಂದರು, ಹೇಳಬೇಕಾದದ್ದನ್ನು ಹೇಳಿದರು. ಬಂದವರಲ್ಲಿ ಮುಕ್ಕಾಲು ಪಾಲು ಚಿಕ್ಕಣ್ಣನ ಕುರ್ಚಿಯ ಗಿರಾಕಿಗಳು. ತಾವು ಕೂದಲು ಬೆಳೆಸಿಕೊಂಡು ಬಂದದ್ದಕ್ಕೆ ನಾಚಿಕೊಂಡವರಂತೆ ತಲೆ ಸವರಿಕೊಳ್ಳುತ್ತ ನಿಂತಿದ್ದರು. ಹಿಂತಿರುಗುವಾಗ ಪೋಸ್ಟಣ್ಣ ದೊಡ್ಡಣ್ಣನ ಪಕ್ಕಕ್ಕೆ ಬಂದು, ಟೋಪಿಯನ್ನು ಇನ್ನಷ್ಟು ಕೆಳಗೆಳೆದು, ಪಿಸುಮಾತಿನಲ್ಲಿ ಹೇಳಿದ.

"ಸಿಡುಕ ಕಟ್ ದಾಟಿದ. ಅರ್ಧ ಜನ ಮನೆಗೆ ಹೋದ್ರು, ಇವನು ಇನ್ನೆರಡು ದಿನ ಆಡ್ತಾನೆ."

ದೊಡ್ಡಣ್ಣ ತಿರುಗಿ ನೋಡಿದ.

"ತಪ್ಪು ತಿಳೀಬೇಡ. ಇವತ್ತು ಅವನು ಇದ್ದಿದ್ರೆ ನನ್ನನ್ನ ಮೊದಲು ಕೇಳ್ತಿದ್ದದ್ದು ಅದನ್ನೇ. ಯಾರಿಗಾದ್ರೂ ಹೇಳ್ಬೇಕು ಅನ್ನಿಸ್ತು."

ಶನಿವಾರ ದೊಡ್ಡಣ್ಣ ಮನೆಯಲ್ಲೇ ಉಳಿದ. ಮೈತುಂಬ ಆಯಾಸ, ಆದರೆ ಕೆಲಸದಿಂದ ಬಂದದ್ದಲ್ಲ. ಎದ್ದು ನೀರು ಕುಡಿಯಲು ಹೋದವನು ಅಡುಗೆಮನೆಯ ಬಾಗಿಲಲ್ಲಿ ನಿಂತು ಯಾಕೆ ಬಂದೆ ಎಂದು ಮರೆಯುವನು. ಮೈಯೊಳಗಿನ ಎಲುಬುಗಳನ್ನೆಲ್ಲ ಯಾರೋ ತೆಗೆದು, ನೆನೆಸಿ, ಮತ್ತೆ ಒಳಗಿಟ್ಟ ಹಾಗಿತ್ತು. ಬೆಳಗ್ಗೆ ದೇವರ ಮುಂದೆ ನಿಂತು ತಮ್ಮನ ಆತ್ಮಕ್ಕೆ ಶಾಂತಿ ಕೇಳಲು ಹೋದ. ಮಾತು ಬರಲಿಲ್ಲ. ಕೇಳಬೇಕೆಂದು ಬಾಯಿ ತೆರೆದಾಗಲೆಲ್ಲ ತಮ್ಮ ಮಣಿಕಟ್ಟು ಹಿಡಿದು ಕೇಳಿದ ಆ ಒಂದು ಮಾತು ನಡುವೆ ಬಂದು ನಿಲ್ಲುತ್ತಿತ್ತು. ಸಾಯುವವನು ಒಂದೇ ಒಂದು ಮಾತು ಕೇಳಿದ. ತಾನು ಕೊಡಲಿಲ್ಲ. ನೀನು ಕೊಡದ ನೆಮ್ಮದಿಯನ್ನು ನನ್ನ ಹತ್ತಿರ ಯಾವ ಮುಖ ಹೊತ್ತು ಕೇಳುತ್ತೀಯ ಎಂದು ದೇವರು ಕೇಳಿದರೆ ಏನು ಹೇಳುವುದು? ಈಗ ಹೇಳಿಬಿಡೋಣವೆಂದರೆ ಅದೂ ಆಗದು. ಬದುಕಿದ್ದ ತಮ್ಮನಿಗೆ ಹೇಳದ ಸುಳ್ಳನ್ನು ಸತ್ತ ತಮ್ಮನಿಗೆ ಹೇಳುವುದು ಹೇಗೆ? ಸತ್ತವರಿಗೆ ಎಲ್ಲ ಗೊತ್ತಾಗುತ್ತದೆ ಎಂದು ನಂಬಿದವನು ಅವನು.

ಕೈಮುಗಿದುಕೊಂಡೇ ಬಹಳ ಹೊತ್ತು ನಿಂತು, ಏನೂ ಕೇಳದೆ ಹಿಂದೆ ಸರಿದ.

ಭಾನುವಾರ ಊಟದ ಹೊತ್ತು ಕಳೆದ ಮೇಲೆ ತಮ್ಮನ ಹೆಂಡತಿ ಬಂದಳು. ಕೈಯಲ್ಲಿ ಒಗೆದು ಮಡಿಸಿದ ಬಟ್ಟೆಯ ಗಂಟು. ಬಿಚ್ಚಿದರೆ ಚಿಕ್ಕಣ್ಣನ ಕತ್ತರಿ ಮತ್ತು ಬಾಚಣಿಗೆ. ಕೆಲಸ ಬಿಟ್ಟ ದಿನ ಅವನು ಅವನ್ನು ಮನೆಗೆ ಒಯ್ದಿದ್ದ.

"ಭಾವ, ಏಳಿ. ಅಂಗಡಿ ತೆಗೀರಿ."

"ಇವತ್ತು ಯಾರು ಬರ್ತಾರಮ್ಮ."

"ಯಾರೂ ಬರೋದು ಬೇಡ. ಟಿವಿ ಹಾಕಿ ಸಾಕು. ಈ ವಾರ ಅಣ್ಣನ ಹತ್ತಿರ ಆಟ ನೋಡಿಸು ಅಂತ ನನಗೂ ಹೇಳಿದ್ರು. ನನಗೆ ಈ ಆಟದ ತಲೆಬುಡ ಗೊತ್ತಿಲ್ಲ. ಚೆಂಡು ಎಲ್ಲಿ ಹೋಗುತ್ತೆ ಅಂತಾನೇ ಕಾಣಲ್ಲ. ಆದ್ರೂ ಕೂತು ನೋಡ್ತೀನಿ."

"ನನ್ನ ಕೈಲಿ ಆಗಲ್ಲ."

"ನನ್ನ ಕೈಲೂ ಆಗಲ್ಲ ಭಾವ. ಆದ್ರೂ ಇಲ್ಲಿ ತನಕ ಬಂದಿಲ್ವಾ?"

ದೊಡ್ಡಣ್ಣ ಎದ್ದ. ಕತ್ತರಿ ಜೇಬಿಗೆ ಹಾಕಿಕೊಂಡು ಹೊರಟ.

ಅಂಗಡಿಯ ಬಾಗಿಲು ಎತ್ತುವ ಸದ್ದಿಗೆ ಎದುರುಗಡೆಯಿಂದ ಪೋಸ್ಟಣ್ಣ ರಸ್ತೆ ದಾಟಿ ಬಂದ. ಕಾಯುತ್ತಲೇ ಕೂತಿದ್ದನೆಂದು ಕಾಣುತ್ತದೆ. ಒಳಗೆ ಗುರುವಾರದ ಕೂದಲು ಇನ್ನೂ ನೆಲದ ಮೇಲಿತ್ತು, ಅವನದೇ ಕೂದಲು. ತಮ್ಮನ ಹೆಂಡತಿ ಮೂಲೆಯ ಪೊರಕೆ ತೆಗೆದುಕೊಂಡು ಗುಡಿಸಿದಳು. ಪೋಸ್ಟಣ್ಣ ಟೋಪಿ ತೆಗೆದು ದೊಡ್ಡಣ್ಣನ ಕುರ್ಚಿಯಲ್ಲಿ ಕೂತ.

"ಉಳಿದ ಅರ್ಧ ಮುಗಿಸ್ತೀಯೇನಪ್ಪ? ಮೂರು ದಿನದಿಂದ ಮಲಗುವಾಗಲೂ ಟೋಪಿ ಹಾಕ್ಕೊಂಡಿದೀನಿ. ನನ್ನ ಮನೆಯವಳು ಯಾವ ಕಡೆಯಿಂದ ನೋಡಿದ್ರೂ ಬೇರೆ ಬೇರೆ ಗಂಡ ಕಾಣ್ತಾನೆ ಅಂತಾಳೆ."

ತಮ್ಮನ ಹೆಂಡತಿಯ ಮುಖದಲ್ಲಿ ನಗು ಬಂದು ಹೋಯಿತು. ದೊಡ್ಡಣ್ಣ ಬಟ್ಟೆ ಹೊದಿಸಿ, ನೀರು ಚಿಮುಕಿಸಿ, ಜೇಬಿನಿಂದ ತಮ್ಮನ ಕತ್ತರಿಯನ್ನೇ ತೆಗೆದ. ಅದು ಅವನ ಬೆರಳಿಗೆ ಸ್ವಲ್ಪ ಸಡಿಲ. ಟಿವಿ ಹಾಕಿದರು. ಆಟ ವಿವರಿಸುವವರ ಕೋಣೆಯಲ್ಲಿ ಟೈ ಕಟ್ಟಿಕೊಂಡು ತಕ್ಕಡಿ ಕೂತಿದ್ದ. ಆಟದಿಂದ ನಿವೃತ್ತನಾದ ಮೇಲೆ ಅವನಿಗೆ ಅದೇ ಕೆಲಸ. ಇಲ್ಲೂ ಅದೇ ಮುಖ.

ಸಿಡುಕನಿಗೆ ಉಳಿದದ್ದು ಕೆಲವೇ ಕುಳಿಗಳು. ಪರದೆಯ ಬದಿಯಲ್ಲಿ ಹೆಸರುಗಳ ಸಾಲು, ನಡುವೆ ಕೆಂಪು ಗೆರೆ. ಅವನ ಹೆಸರು ಗೆರೆಗೆ ತಾಗಿಕೊಂಡಂತೆ ಮೇಲಿತ್ತು. ಒಂದು ಹೊಡೆತ ಹೆಚ್ಚಾದರೆ ಕೆಳಗೆ. ಅವನ ಮುಖ ಇಳಿದುಹೋಗಿತ್ತು, ಕುತ್ತಿಗೆಯ ಚರ್ಮ ಜೋತುಬಿದ್ದಿತ್ತು. ಅಂದು ಅವನು ಗಾಳಿಯನ್ನು ಬೈಯುತ್ತಿರಲಿಲ್ಲ. ಹೊಡೆದು, ನಡೆದು, ಮತ್ತೆ ಹೊಡೆದು, ಸಂಜೆಗೆ ಮನೆ ಸೇರಬೇಕಾದ ಕೂಲಿಯವನಂತೆ ಹೋಗುತ್ತಿದ್ದ. ಹಗ್ಗದಾಚೆಯಿಂದ ಯಾರೋ "ಕೈ ಹುಷಾರು" ಎಂದು ಕೂಗಿದ್ದು ಅಂಗಡಿಯವರೆಗೂ ಕೇಳಿಸಿತು.

"ಯಾರದು ಕೂಗೋದು?" ಎಂದಳು ತಮ್ಮನ ಹೆಂಡತಿ.

"ಅಭಿಮಾನಿಗಳು," ಎಂದ ಪೋಸ್ಟಣ್ಣ. "ನಮ್ಮಂಥವರು."

ದೊಡ್ಡಣ್ಣನ ಕತ್ತರಿ ಎಂದಿನ ಅಭ್ಯಾಸದಂತೆ ಓಡುತ್ತಲೇ ಇತ್ತು.

ಕೊನೆಯ ಕುಳಿಗೆ ಹೊಡೆದ ಚೆಂಡು ಓರೆಯಾಗಿ ಮರಗಳ ಕಡೆ ಹೋಯಿತು. ಸಿಡುಕ ಅಲ್ಲಿಗೆ ಹೋದಾಗ ಕ್ಯಾಮೆರಾಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಜನ ದೂರದಲ್ಲಿದ್ದರು, ಕ್ಯಾಡಿ ಚೀಲದ ಹತ್ತಿರ ಉಳಿದಿದ್ದ. ಸಿಡುಕ ಕುಕ್ಕುರುಗಾಲಲ್ಲಿ ಕೂತ. ದೊಡ್ಡಣ್ಣನಿಗೆ ಆ ಕೂತ ಭಂಗಿ ಗೊತ್ತಿತ್ತು. ಪೊದೆಯ ತಿರುವಿನಲ್ಲಿ ಅಂದು ಹೀಗೇ ಕೂತಿದ್ದ.

"ನೋಡ್ತಿರು ಈಗ," ಎಂದು ಅವನ ಬಾಯಿಗೆ ಬಂತು, ಆಡಲಿಲ್ಲ.

ಸಿಡುಕ ಎದ್ದು ನಿಂತ. ಆಮೇಲೆ ಕೈ ಎತ್ತಿ ರೆಫರಿಯನ್ನು ಕರೆದ. ಸಿಡುಕನ ಅಂಗಿಗೆ ಸಿಕ್ಕಿಸಿದ ಮೈಕಿನಿಂದ ಮಾತು ಕೇಳಿಸಿತು. ಚೆಂಡಿನ ಪಕ್ಕದ ಒಣಕಡ್ಡಿ ತೆಗೆಯಲು ಹೋದೆ, ಚೆಂಡು ಅಲುಗಿತು ಎಂದ. ರೆಫರಿ ಬಗ್ಗಿ ನೋಡಿ, ಜಾಗ ಬಿಟ್ಟು ಸರಿದಂತೆ ತನಗೆ ಕಾಣುವುದಿಲ್ಲವಲ್ಲ, ಖಚಿತವಾಗಿ ಹೇಳುತ್ತೀರಾ ಎಂದು ಕೇಳಿದ. ಸರಿಯಿತು, ನಾನು ನೋಡಿದೆ ಎಂದ ಸಿಡುಕ. ಅಷ್ಟೇ ಹೇಳಿ, ಚೆಂಡನ್ನು ಮೊದಲಿದ್ದ ಜಾಗಕ್ಕೆ ಇಟ್ಟ.

"ಏನಾಯ್ತು?" ಎಂದಳು ತಮ್ಮನ ಹೆಂಡತಿ.

ಪೋಸ್ಟಣ್ಣ ಬಟ್ಟೆಯ ಒಳಗಿಂದ ಕೈ ಹೊರಗೆ ತೆಗೆದು ಪರದೆ ತೋರಿಸಿದ. ಹೆಸರು ಗೆರೆಯಿಂದ ಕೆಳಕ್ಕೆ ಇಳಿದಿತ್ತು. "ಅವನೇ ಅವನಿಗೆ ಒಂದು ಹೊಡೆತ ದಂಡ ಹಾಕ್ಕೊಂಡ. ಈ ಆಟದಲ್ಲಿ ಹಾಗೇನಮ್ಮ. ಯಾರೂ ನೋಡದಿದ್ರೂ ಆಡೋನೇ ಹೇಳ್ಬೇಕು."

"ಹೇಳದಿದ್ರೆ?"

"ಹೇಳದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಮುಂದಿನ ವರ್ಷ ಆಡ್ತಿದ್ದ."

ಟಿವಿಯಲ್ಲಿ ತಕ್ಕಡಿಯ ದನಿ ಕೇಳಿತು. "ನಾನು ಆ ಜಾಗದಲ್ಲಿ ಇದ್ದಿದ್ದರೆ ಕೈ ಎತ್ತುತ್ತಿದ್ದೆನೋ ಇಲ್ಲವೋ," ಎಂದ. ಸ್ವಲ್ಪ ತಡೆದು, "ನಿಜವಾಗಿ ನನಗೆ ಗೊತ್ತಿಲ್ಲ," ಎಂದ. ಆ ಮಾತಿನ ಕೊನೆಯಲ್ಲಿ ಅವನ ದನಿ ತುಸು ಒಡೆಯಿತು. ಅಷ್ಟು ವರ್ಷ ಅವನನ್ನು ನೋಡಿದ ದೊಡ್ಡಣ್ಣನಿಗೆ ಅದು ಮುಚ್ಚಳ ಸರಿದ ಸದ್ದಿನಂತೆ ಕೇಳಿಸಿತು.

ಇನ್ನು ಉಳಿದದ್ದು ಮರಗಳಿಂದ ನೇರವಾಗಿ ಕುಳಿಗೇ ಹೊಡೆಯುವುದು. ಮತ್ತೆ ಗೆರೆಯ ಮೇಲಕ್ಕೆ ಬರಲು ಅದೊಂದೇ ದಾರಿ. ಸಿಡುಕ ಹೊಡೆದ. ಚೆಂಡು ಹಸಿರು ಹಾಸಿನ ಮೇಲೆ ಇಳಿದು, ಕುಳಿಯ ಹತ್ತಿರ ಬಂದು, ಬೀಳದೆ ನಿಂತಿತು. ಜನ ಚಪ್ಪಾಳೆ ತಟ್ಟಿ, ಬೇರೆ ಆಟಗಾರರನ್ನು ನೋಡಲು ಚದುರತೊಡಗಿದರು. ಅವನ ವರ್ಷಗಳೆಲ್ಲ ಅಲ್ಲಿಗೆ ಮುಗಿದವು. ಬಾಕಿ ಉಳಿದ ಸಣ್ಣ ಹೊಡೆತದಿಂದ ಯಾರಿಗೂ ಏನೂ ಆಗಬೇಕಾಗಿರಲಿಲ್ಲ. ನಡೆದು ಬಂದು ಕಾಲಲ್ಲಿ ತಳ್ಳಿ ಹೋಗಿದ್ದರೂ ಯಾರೂ ಕೇಳುತ್ತಿರಲಿಲ್ಲ.

ಅವನು ಹಾಗೆ ಮಾಡಲಿಲ್ಲ. ಕುಳಿಯ ಆ ಕಡೆ ಹೋಗಿ ಕೂತು ನೋಡಿದ, ಈ ಕಡೆ ಬಂದು ನೋಡಿದ. ಚೆಂಡಿನ ಮೇಲಿನ ಮಣ್ಣು ಒರೆಸಿ ಇಟ್ಟ. ಕೋಲು ಹಿಡಿದು ಬಗ್ಗಿದ. ಕ್ಯಾಮೆರಾ ಅವನ ಕೈಗಳ ಹತ್ತಿರಕ್ಕೆ ಹೋಯಿತು. ಕೈ ನಡುಗುತ್ತಿತ್ತು.

ಅಂಗಡಿ ನಿಶ್ಶಬ್ದವಾಯಿತು. ಯಾಕೆಂದು ಪೋಸ್ಟಣ್ಣನಿಗೆ ತಕ್ಷಣ ತಿಳಿಯಲಿಲ್ಲ. ಆಮೇಲೆ ಕನ್ನಡಿಯಲ್ಲಿ ಕಂಡಿತು. ತನ್ನ ಎಡಗಿವಿಯ ಮೇಲೆ ಕತ್ತರಿ, ಬಾಯಿ ತೆರೆದುಕೊಂಡು, ಅಲುಗದೆ ನಿಂತಿತ್ತು. ದೊಡ್ಡಣ್ಣ ಉಸಿರಾಡುತ್ತಿರಲಿಲ್ಲ. ತಮ್ಮನ ಹೆಂಡತಿ ಒಮ್ಮೆ ಆ ಕತ್ತರಿಯನ್ನು, ಒಮ್ಮೆ ಭಾವನ ಮುಖವನ್ನು ನೋಡಿ, ಎದ್ದು ಹೋಗಿ ಫ್ಯಾನು ಆರಿಸಿದಳು.

ಸಿಡುಕ ಮೆಲ್ಲಗೆ ತಳ್ಳಿದ. ಚೆಂಡು ಹೋಗಿ ಕುಳಿಗೆ ಬಿತ್ತು. ಅವನು ಅದನ್ನು ಎತ್ತಿಕೊಂಡು, ಟೋಪಿ ತೆಗೆದು, ಜೊತೆಯ ಆಟಗಾರನ ಕೈ ಕುಲುಕಿ, ಕ್ಯಾಡಿಯ ಹೆಗಲ ಮೇಲೆ ಕೈಹಾಕಿ ನಡೆದುಹೋದ. ಬೇರೇನೂ ಮಾಡಲಿಲ್ಲ.

ಪೋಸ್ಟಣ್ಣ ಟಿವಿಯ ಸದ್ದು ಇಳಿಸಿದ.

"ಈಗ ಏನಂತೀರಿ ಭಾವ?" ಎಂದಳು ತಮ್ಮನ ಹೆಂಡತಿ. ಕೆಣಕಿ ಕೇಳಿದ್ದಲ್ಲ. ಮನೆಗೆ ಹೋಗಿ ಯಾರಿಗೋ ತಿಳಿಸಬೇಕಾದವಳಂತೆ ಕೇಳಿದಳು.

ದೊಡ್ಡಣ್ಣ ಕತ್ತರಿ ಕೆಳಗಿಟ್ಟ. ಇವತ್ತು ಒಳ್ಳೆಯದು ಮಾಡಿದವನು ಅವತ್ತು ಕೆಟ್ಟದ್ದು ಮಾಡಿರಲಾರ ಎಂದು ಹೇಳುವಷ್ಟು ಸುಲಭದ ಮನುಷ್ಯ ಅವನಲ್ಲ. ಇವತ್ತಿನದು ಇವತ್ತಿಗೆ. ಆದರೆ ಯಾರೂ ನೋಡದ್ದನ್ನು ನೋಡಿದೆ ಎಂದು ಒಬ್ಬ ಕೈ ಎತ್ತಿದಾಗ, ತಾನು ನೋಡಿದೆ ಎನ್ನುವುದನ್ನು ದೊಡ್ಡಣ್ಣ ಮೊದಲ ಸಲ ಹಿಂದೆ ಹೋಗಿ ನೋಡಿದ. ಆ ತಿರುವು, ಆ ಹಗ್ಗ, ಆ ಬಿಸಿಲು. ಮುಂದೆ ಛತ್ರಿ ಹಿಡಿದ ಒಬ್ಬಳು ಹೆಂಗಸು. ಛತ್ರಿಯ ಅಂಚಿನ ಕೆಳಗೆ ಬೂಟು ಸರಿದದ್ದು. ಛತ್ರಿ ವಾಲಿದಾಗ ಹುಲ್ಲಿನ ಮೇಲೆ ಕಂಡ ಚೆಂಡು. ಇವೆರಡರ ನಡುವೆ ಬರೀ ಛತ್ರಿಯ ಬಟ್ಟೆ. ಬೂಟು ಚೆಂಡಿಗೆ ತಗುಲಿದ್ದನ್ನು ನೆನಪಿನಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಅದು ಅಲ್ಲಿ ಇರಲೇ ಇಲ್ಲ. ಆಟಗಾರನ ಮುಖದ ಸಿಡುಕು ನೋಡಿ ಉಳಿದದ್ದನ್ನು ತಾನೇ ತುಂಬಿಕೊಂಡಿದ್ದ.

"ನಾನು ನೋಡಿರ್ಲಿಲ್ಲಮ್ಮ," ಎಂದ. "ನೋಡಿದೆ ಅಂದ್ಕೊಂಡಿದ್ದೆ. ಒದ್ದನೋ ಇಲ್ವೋ ನನಗೆ ಗೊತ್ತಿಲ್ಲ. ಗೊತ್ತು ಅಂತ ಇಷ್ಟು ವರ್ಷ ಹೇಳ್ದೆ, ಅದು ತಪ್ಪು. ನನ್ನ ತಮ್ಮ ಹೇಳಿದ್ದೇ ನಿಜ ಇದ್ದಿರಬೇಕು. ಅವನು ನನ್ನ ಪಕ್ಕದಲ್ಲಿ ನಿಂತಿದ್ದ. ಅವನ ಮುಂದೆ ಯಾರೂ ಇರ್ಲಿಲ್ಲ."

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು ತಲೆದೂಗಿದಳು. "ಹೇಳ್ತೀನಿ," ಎಂದಳು. ಯಾರಿಗೆ ಎಂದು ಯಾರೂ ಕೇಳಲಿಲ್ಲ.

"ಕತ್ತರಿ ನಿಂತಿದ್ದಕ್ಕೆ ನನಗೆ ಬೇಜಾರಿಲ್ಲ," ಎಂದ ಪೋಸ್ಟಣ್ಣ ಮೆಲ್ಲಗೆ. "ಆದ್ರೆ ಈ ಕಿವಿ ಮೇಲಿಂದು ಒಂದಿಷ್ಟು ಉಳ್ಕೊಂಡಿದೆ ನೋಡು."

ದೊಡ್ಡಣ್ಣ ಅದನ್ನು ಮುಗಿಸಿದ. ಎರಡೂ ಕಡೆ ಸಮ ಮಾಡಿ, ಕುತ್ತಿಗೆಯ ಕೂದಲು ಬ್ರಷ್ಷಿನಿಂದ ಝಾಡಿಸಿ, ಕನ್ನಡಿ ಹಿಡಿದು ಹಿಂದಲೆ ತೋರಿಸಿದ. ಪೋಸ್ಟಣ್ಣ ಟೋಪಿಯನ್ನು ಕೈಯಲ್ಲೇ ಹಿಡಿದುಕೊಂಡು ಹೊರಟ. ತಮ್ಮನ ಹೆಂಡತಿಯನ್ನು ಮನೆಯವರೆಗೂ ಬಿಟ್ಟುಬರುತ್ತೇನೆ ಎಂದ.

ಅವರು ಹೋದ ಮೇಲೆ ದೊಡ್ಡಣ್ಣ ಕತ್ತರಿಯನ್ನು ಒರೆಸಿ, ಒಂದು ಹನಿ ಎಣ್ಣೆ ಬಿಟ್ಟು, ತಮ್ಮನ ಕುರ್ಚಿಯ ಮುಂದಿನ ಹಲಗೆಯ ಮೇಲೆ ಅದರ ಜಾಗದಲ್ಲಿ ಇಟ್ಟ. ಹೊರಗೆ ಇನ್ನೂ ಬೆಳಕಿತ್ತು. ಆ ಕುರ್ಚಿಯ ಬೆನ್ನು ಹಿಡಿದು ನಿಂತ. ನಿಂತಲ್ಲೇ ಕೈಗಳು ತಾವಾಗಿ ಕೂಡಿಕೊಂಡವು, ಮೂರು ದಿನದಿಂದ ಬಾರದ ಮಾತು ಬಂತು.

ದೇವರೇ, ನನ್ನ ತಮ್ಮ ನಿನ್ನ ಹತ್ತಿರ ಬಂದಿದ್ದಾನೆ. ಬಾಯಿ ಸ್ವಲ್ಪ ಜೋರು, ಮನಸ್ಸು ಚೊಕ್ಕ. ಒಂದು ಮಾತು ಕೇಳಿದ್ದ, ಕೊಡುವುದಕ್ಕೆ ನನಗೆ ತಡವಾಯಿತು, ಅವನಿಗೆ ಮುಟ್ಟಿಸು. ಜನ ಆಡಿಕೊಂಡವರನ್ನು ಅವನು ಕೈಬಿಡಲಿಲ್ಲ, ನೀನು ಅವನನ್ನು ಕೈಬಿಡಬೇಡ. ಅವನ ಕೈಯ ನಡುಕ ನಿಲ್ಲಿಸು. ಬಹಳ ದಣಿದಿದ್ದಾನೆ, ಎಲ್ಲಾದರೂ ನೆರಳಿರುವ ಕಡೆ ಕೂರಿಸು. 'ಕೈ ಹುಷಾರು' ಎಂದು ಯಾರೂ ಕೂಗದ ಕಡೆ ಕೂರಿಸು. ಅವನ ಆತ್ಮಕ್ಕೆ ಶಾಂತಿ ಕೊಡು, ತಂದೆ. ಶಾಂತಿ ಕೊಡು.